ಘಟ್ಟದ ಮೇಲಿನ ಪಹಣಿ, ಘಟ್ಟದ ಕೆಳಗಿನ ಅಜ್ಜ

ಹೋದ ತಿಂಗಳು ನಮ್ಮ ಜಮ್ಮಾ (ರಾಜರ ಕಾಲದಿಂದ ಬಂದ ವಂಶದ ಹಕ್ಕಿನ) ಗದ್ದೆಯ ಪಹಣಿಯಲ್ಲಿ ಬದುಕಿರುವವರ ಹೆಸರು ಬಂತು. ಅಲ್ಲಿಯವರೆಗೆ ಅದರಲ್ಲಿ ಇದ್ದದ್ದು ನಾವು ಯಾರೂ ನೋಡಿರದ ಒಬ್ಬ ಅಜ್ಜನ ಹೆಸರು. ಪಕ್ಕದಲ್ಲಿ 'ಮತ್ತು ಇತರರು'. ಕೊಡಗಿನಲ್ಲಿ ಜಮ್ಮಾ ಇರುವ ಎಷ್ಟೋ ಮನೆಗಳಲ್ಲಿ ಇದೇ ಕಥೆ. ಗದ್ದೆ ಮಾಡುವವರು ನಾವು, ಕಾಗದದಲ್ಲಿ ಮಾತ್ರ ಸತ್ತವರು. ಬ್ಯಾಂಕಿಗೆ ಹೋದರೆ ಸಾಲ ಇಲ್ಲ, ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳೋಣ ಎಂದರೆ ಅದೂ ಆಗುವುದಿಲ್ಲ.

ನಮ್ಮದರಲ್ಲಿ ಇನ್ನೊಂದು ಗಂಟು ಇತ್ತು. ನಾವು ಅರೆಭಾಷೆ ಗೌಡರು. ಈಗಿರುವುದು ಘಟ್ಟದ ಮೇಲೆ, ಮಡಿಕೇರಿ ತಾಲ್ಲೂಕಿನ ಚೇರಂಬಾಣೆ ಕಡೆ. ಕುಟುಂಬದ ಒಂದು ಕವಲು ಘಟ್ಟದ ಕೆಳಗೆ, ಸುಳ್ಯ ತಾಲ್ಲೂಕಿನ ಅರಂತೋಡಿನ ಹತ್ತಿರ ಇದೆ. ಮನೆ ಹೆಸರು ಒಂದೇ, ಬಳಿ (ಗೋತ್ರದಂಥದ್ದು) ಒಂದೇ, ಮದುವೆ-ತಿಥಿಗೆ ಹೋಗಿ ಬರುತ್ತೇವೆ. ಆದರೆ ಯಾವ ಅಜ್ಜನ ಕಾಲದಲ್ಲಿ ಕವಲಾದೆವು ಎಂದು ಕೇಳಿದರೆ ಎರಡೂ ಕಡೆ ಉತ್ತರ ಇಲ್ಲ. ಪೌತಿ ಖಾತೆಗೆ, ಎಂದರೆ ಸತ್ತವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಕೊಡಿ ಎಂದು, ಅರ್ಜಿ ಹಾಕಿದಾಗ ಅಧಿಕಾರಿ ಕೇಳಿದ್ದು ಅದನ್ನೇ. "ಪಟ್ಟೆದಾರ ಸುಬ್ಬ ಅಂತ ಇದೆ. ಇವರು ನಿಮಗೆ ಏನಾಗಬೇಕು? 'ಇತರರು' ಅಂದ್ರೆ ಯಾರು? ಸುಳ್ಯದವರಿಗೂ ಇದರಲ್ಲಿ ಹಕ್ಕಿದೆ ಅಂತ ನಾಳೆ ಯಾರಾದರೂ ತಕರಾರು ಹಾಕಿದರೆ?" ಕೇಳಿದ ರೀತಿ ಒರಟಾಗಿತ್ತು, ಪ್ರಶ್ನೆ ಸರಿಯಾಗಿಯೇ ಇತ್ತು.

ಹೊರಗಿನವರಿಗೆ ಜಮ್ಮಾ ಎಂದರೆ ಏನು ಎಂದು ಹೇಳಿಬಿಡುತ್ತೇನೆ. ರಾಜರ ಕಾಲದಿಂದ ಬಂದ ವಂಶದ ಹಕ್ಕು ಅದು. ಕೊಡವರಿಗೆ ಮಾತ್ರ ಅಲ್ಲ, ಗೌಡರಿಗೂ ಬೇರೆ ಕೆಲವು ಜನಾಂಗದವರಿಗೂ ಇತ್ತು. ಕಂದಾಯ ಮಾಮೂಲಿ ಸಾಗು ಜಮೀನಿನ ಅರ್ಧ. ಬ್ರಿಟಿಷರ ಕಾಲದ ಲೆಕ್ಕದಲ್ಲಿ 100 ಬಟ್ಟಿ (ಗದ್ದೆಯ ಹಳೆ ಅಳತೆ) ಸಾಗು ಗದ್ದೆಗೆ 10 ರೂಪಾಯಿ, ಜಮ್ಮಾಕ್ಕೆ 5 ರೂಪಾಯಿ. ಗದ್ದೆಗೆ ಸೊಪ್ಪು, ಸೌದೆ, ದನ ಮೇಯಿಸಲು ಅಂತ ಪಕ್ಕದ ಬಾಣೆ ಕಂದಾಯವಿಲ್ಲದೆ ಬರುತ್ತಿತ್ತು. ಜಮೀನು ಇಡೀ ಕುಟುಂಬದ್ದು, ಪುಸ್ತಕದಲ್ಲಿ ಹೆಸರು ಮಾತ್ರ ಒಬ್ಬ ಪಟ್ಟೆದಾರನದ್ದು. ಅದಕ್ಕೇ ಅಜ್ಜ ಸತ್ತರೂ ಯಾರಿಗೂ ಹೆಸರು ಬದಲಾಯಿಸುವ ಅವಸರ ಇರಲಿಲ್ಲ. ಆ ಸೋಮಾರಿತನದ ಬಿಲ್ಲು ನಮ್ಮ ತಲೆಮಾರಿಗೆ ಬಂತು.

ಶುರು ಮಾಡಿದ್ದು ನಾಡಕಚೇರಿಯಿಂದ. ಈಗಿನ ಪಹಣಿ, ಹಿಂದಿನ ಕೈಬರಹದ ಪಹಣಿ, ಮ್ಯುಟೇಷನ್ ನಕಲು, ಜಮಾಬಂದಿ ನಕಲು, ಆಕಾರ್‌ಬಂದ್ ಎಲ್ಲಕ್ಕೂ ಅರ್ಜಿ ಕೊಟ್ಟೆ. ಮೊದಲ ಎರಡು ಬೇಗ ಸಿಕ್ಕವು. ಉಳಿದವಕ್ಕೆ "ಮುಂದಿನ ವಾರ ಬನ್ನಿ". ಮುಂದಿನ ವಾರ ಸರ್ವರ್ ಇಲ್ಲ. ಅದರ ಮುಂದಿನ ವಾರ ಕೇಸ್ ವರ್ಕರ್ ಚುನಾವಣಾ ಡ್ಯೂಟಿ. ಆಮೇಲೆ ಮಳೆ ಶುರುವಾಯಿತು, ಕರೆಂಟೇ ಇಲ್ಲ. ಕೊಡಗಿನ ಜೂನ್, ಜುಲೈನಲ್ಲಿ ದಾಖಲೆ ಹುಡುಕುವ ಕೆಲಸ ಇಟ್ಟುಕೊಳ್ಳಬೇಡಿ. ಡಿಸೆಂಬರಿನಿಂದ ಮಾರ್ಚ್ ಒಳ್ಳೆಯದು, ಆದರೆ ಆಗ ಕಾಫಿ ಕುಯ್ಲು. ನಿಮ್ಮ ಹಣೆಬರಹ.

ಇಲ್ಲಿ ಒಂದು ಮಾತು. ಬಾಯಲ್ಲಿ ಕೇಳಿದ್ದಕ್ಕೆ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ. ಆದರೆ ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ದಾಟಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು. ವಂಶದ ಇತಿಹಾಸವನ್ನೆಲ್ಲ ಬರೆದರೆ ವಾಪಸ್ ಬರುತ್ತದೆ. ಗ್ರಾಮ, ಸರ್ವೆ ನಂಬರ್, ಯಾವ ರಿಜಿಸ್ಟರ್, ಯಾವ ವರ್ಷದಿಂದ ಯಾವ ವರ್ಷ, ಅಷ್ಟೇ ಸಾಕು. ಈಗ 'ಭೂ ಸುರಕ್ಷಾ' ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ನಿಮ್ಮ ಊರಿನದ್ದು ಆಗಿದೆಯಾ ಎಂದು ಮೊದಲು ವಿಚಾರಿಸಿ.

ಹಳೆ ಕಾಗದಗಳು ಕೈಗೆ ಬಂದ ಮೇಲೆ ನಿಜವಾದ ತಲೆನೋವು ಶುರುವಾಯಿತು. ಒಂದರಲ್ಲಿ ಸುಬ್ಬ, ಇನ್ನೊಂದರಲ್ಲಿ ಸುಬ್ಬಯ್ಯ, ಮತ್ತೊಂದರಲ್ಲಿ ಸುಬ್ಬಪ್ಪ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ನಮ್ಮಲ್ಲಿದೆ. ಹಾಗಾಗಿ ಮೂರೂ ಒಬ್ಬನೇ ಆಗಿರಬಹುದು, ಮೂರು ತಲೆಮಾರೂ ಆಗಿರಬಹುದು. ಊರಿನ ವಿಳಾಸವೂ ಬೇರೆ ಬೇರೆ. ಹಳೆಯದರಲ್ಲಿ ಈಗಿನ ಮಡಿಕೇರಿ ತಾಲ್ಲೂಕು ಇಲ್ಲ, 'ಪಾಡಿನಾಲ್ಕುನಾಡು ತಾಲ್ಲೂಕು' ಎಂದಿದೆ. ಬ್ರಿಟಿಷರ ಕಾಲದಲ್ಲಿ ಕೊಡಗಿಗೆ ಬೇರೆಯದೇ ತಾಲ್ಲೂಕುಗಳಿದ್ದವು. ಅದರ ಕೆಳಗೆ ನಾಡು, ನಾಡಿಗೆ ಪಾರುಪತ್ತೆಗಾರ, ತಾಲ್ಲೂಕಿಗೆ ಸುಬೇದಾರ. ಈ ಹೆಸರುಗಳು ತಲೆಯಲ್ಲಿ ಇಲ್ಲದಿದ್ದರೆ ನಿಮ್ಮದೇ ಕಾಗದ ಕಣ್ಣ ಮುಂದೆ ಇದ್ದರೂ ಗುರುತು ಸಿಗುವುದಿಲ್ಲ.

ಮಡಿಕೇರಿಯಲ್ಲಿ ನಿವೃತ್ತ ಕಂದಾಯ ನೌಕರರೊಬ್ಬರು ಸಿಕ್ಕರು. ಹಳೆ ಕೈಬರಹ ಓದಿಕೊಡುತ್ತಾರೆ. ನನ್ನ ಹತ್ತಿರ 3,000 ರೂಪಾಯಿ ತೆಗೆದುಕೊಂಡರು. ಇಡೀ ಓಡಾಟದಲ್ಲಿ ಸಾರ್ಥಕ ಅನಿಸಿದ ಖರ್ಚು ಅದೊಂದೇ. ಅವರು ಕಟ್ಟು ನೋಡಿ ಕನ್ನಡಕ ತೆಗೆದಿಟ್ಟು ಹೇಳಿದರು: "ಹೆಸರಿನ ಹಿಂದೆ ಹೋಗಬೇಡಿ. ಜನರ ಹೆಸರು ಬದಲಾಗುತ್ತೆ. ಜಾಗದ ಹಿಂದೆ ಹೋಗಿ. ಆ ವರ್ಷ ಆ ಜಾಗ ಯಾರ ಕೈಯಲ್ಲಿತ್ತು ಅಂತ ನೋಡಿ, ಆ ಕಚೇರಿಗೆ ಹೋಗಿ."

ನಮ್ಮಂಥವರಿಗೆ ಈ ಮಾತು ಯಾಕೆ ಮುಖ್ಯ ಎಂದರೆ, ನಮ್ಮ ಎರಡು ಮನೆಗಳ ನಡುವೆ ಗಡಿಯೇ ಓಡಾಡಿದೆ. 1834ರವರೆಗೆ ಅಮರ ಸುಳ್ಯವೂ (ಈಗಿನ ಸುಳ್ಯದ ಕಡೆ) ಕೊಡಗನ್ನು ಆಳಿದ ಹಾಲೇರಿ ರಾಜರದ್ದೇ, ನಮ್ಮ ಈಗಿನ ಊರೂ ಅವರದ್ದೇ. ಆ ವರ್ಷ ಕಂಪನಿಯವರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡರು. ಘಟ್ಟದ ಮೇಲಿನದ್ದು ಬೇರೆ ಪ್ರಾಂತ್ಯವಾಗಿ ಉಳಿಯಿತು. ಸುಳ್ಯ, ಪುತ್ತೂರು ಕಡೆಯ ಮಾಗಣೆಗಳನ್ನು (ಊರುಗಳ ಗುಂಪುಗಳನ್ನು) ಕೆನರಾ ಜಿಲ್ಲೆಗೆ, ಎಂದರೆ ಮದ್ರಾಸಿಗೆ ಸೇರಿಸಿದರು. ರಾಜರ ಕಾಲದಲ್ಲಿ ಭತ್ತವಾಗಿ ಕೊಡುತ್ತಿದ್ದ ಕಂದಾಯವನ್ನು ಈಗ ಹಣವಾಗಿ ಕೊಡಿ ಎಂದರು. 1837ರಲ್ಲಿ ಅಮರ ಸುಳ್ಯದವರು ಕಂಪನಿಯ ವಿರುದ್ಧ ಎದ್ದ ದಂಗೆಗೆ ಇದೂ ಒಂದು ಕಾರಣ. ಮತ್ತೆ ಎರಡೂ ಕಡೆ ಒಂದೇ ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ಕ್ಕೆ. ಅದೇ ದಿನ ಕಾಸರಗೋಡು ಕೇರಳಕ್ಕೆ ಹೋಯಿತು. ನಡುವಿನ 122 ವರ್ಷ ಘಟ್ಟದ ಮೇಲೊಂದು ಕಾನೂನು, ಕೆಳಗೊಂದು ಕಾನೂನು. ಇವತ್ತಿಗೂ ಸಂಪಾಜೆ ಎರಡಿವೆ, ಕೊಡಗು ಸಂಪಾಜೆ ಮತ್ತು ದಕ್ಷಿಣ ಕನ್ನಡ ಸಂಪಾಜೆ.

ಹಾಗಾಗಿ ಘಟ್ಟ ಇಳಿದೆ. ಸುಳ್ಯದಲ್ಲಿ ಎಲ್ಲ ಹೊಸದು. ಜಮ್ಮಾ, ಪಟ್ಟೆದಾರ ಎಂದರೆ ಅಲ್ಲಿ ನಡೆಯುವುದಿಲ್ಲ. ಅಲ್ಲಿ ವರ್ಗ (ಸ್ವಂತ ಹಕ್ಕಿನ ಜಮೀನು), ವರ್ಗದಾರ, ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿ (ಬಿಡಿಸಬಹುದಾದ ಗೇಣಿ). ಪಹಣಿ ಬರುವ ಮುಂಚಿನ ದಾಖಲೆಗೆ ಅಡಂಗಲ್ ಎನ್ನುತ್ತಾರೆ. ಅದಕ್ಕೂ ಹಿಂದೆ ಹೋಗಬೇಕಾದರೆ ಸೆಟ್ಲ್‌ಮೆಂಟ್ ರಿಜಿಸ್ಟರ್ ಕೇಳಬೇಕು. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಈಗ ಸುಳ್ಯ ತಾಲ್ಲೂಕು ಇರಬಹುದು, ಮುಂಚೆ ಅದು ಪುತ್ತೂರು ತಾಲ್ಲೂಕಿನಲ್ಲಿತ್ತು. ಅದಕ್ಕೂ ಮುಂಚಿನ ಕಾಗದದಲ್ಲಿ ಉಪ್ಪಿನಂಗಡಿ ತಾಲ್ಲೂಕು ಎಂದೇ ಇರುತ್ತದೆ. ಸುಳ್ಯ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಕೌಂಟರಿನಲ್ಲಿದ್ದ ಹುಡುಗಿಗೂ ಇದು ಗೊತ್ತಿರಲಿಲ್ಲ, ಅವಳ ತಪ್ಪೇನೂ ಅಲ್ಲ.

ಒಂದು ವಿಷಯ ನೋಡಿ ಖುಷಿಯಾಯಿತು. ನಮ್ಮವರ ಹಳೆ ವರ್ಗ ಜಮೀನಿಗೂ ಬಾಣೆ ಅಂಟಿಕೊಂಡಿತ್ತು. ದಕ್ಷಿಣ ಕನ್ನಡದಲ್ಲಿ ಎಲ್ಲರ ಬಾಯಲ್ಲಿ ಇರುವುದು ಕುಮ್ಕಿ, ಎಂದರೆ ವರ್ಗ ಜಮೀನಿನ ಪಕ್ಕ ಸೊಪ್ಪು-ಸೌದೆಗೆ ಬಳಸುವ ಸರ್ಕಾರಿ ಜಾಗ. ಆದರೆ ಭೂಕಂದಾಯ ಕಾಯ್ದೆಯ 79ನೇ ಸೆಕ್ಷನ್ ತೆಗೆದು ನೋಡಿ. ದಕ್ಷಿಣ ಕನ್ನಡಕ್ಕೆ ಕುಮ್ಕಿ, ಬಾಣೆ, ಕಾನೆ ಮೂರನ್ನೂ ಹೇಳಿದ್ದಾರೆ, ಕೊಡಗಿಗೆ ಜಮ್ಮಾ ಮತ್ತು ಬಾಣೆ. ರಾಜರು ಹೋಗಿ, ಕಂಪನಿ ಹೋಗಿ, ಮದ್ರಾಸೂ ಹೋದ ಮೇಲೂ ಆ ಹಕ್ಕು ಪುಸ್ತಕದಲ್ಲಿ ಉಳಿದಿದೆ.

ಆದರೆ ಜಮೀನಿನ ಹೆಚ್ಚಿನ ಭಾಗ ಈಗ ಬೇರೆಯವರ ಹೆಸರಿನಲ್ಲಿದೆ. 1974ರ ಭೂಸುಧಾರಣೆಯಲ್ಲಿ ಗೇಣಿದಾರರು 7ನೇ ನಮೂನೆ ಅರ್ಜಿ ಹಾಕಿ ಪಡೆದುಕೊಂಡಿದ್ದಾರೆ. ಅದು ನ್ಯಾಯವಾಗಿಯೇ ಆಗಿದೆ, ಗೇಯ್ದವರು ಅವರು. ಹುಡುಕುವವರಿಗೆ ಮಾತ್ರ ಒಂದು ಎಚ್ಚರಿಕೆ. ಹಳೆ ಜಾಗದಲ್ಲಿ ಈಗ ಇರುವವರ ಮನೆಗೆ ಕಡತ ಹಿಡಿದುಕೊಂಡು ಹೋದರೆ ಅವರು ಹೆದರುತ್ತಾರೆ, ಜಾಗ ಕೇಳಲು ಬಂದರು ಎಂದುಕೊಳ್ಳುತ್ತಾರೆ. ನಾನು ಹೋದಾಗ ಒಬ್ಬ ಅಜ್ಜಿ ಬಾಗಿಲು ಹಾಕಿಕೊಂಡರು. ಅರಂತೋಡಿನ ಬಾವ ಮುಂದೆ ನಿಂತು ಅರೆಭಾಷೆಯಲ್ಲೂ ತುಳುವಿನಲ್ಲೂ ವಿವರಿಸಿದ ಮೇಲೆ ಬಾಗಿಲು ತೆರೆಯಿತು. ಆಮೇಲೆ ಚಹಾ, ಚಕ್ಕುಲಿ, ನಮ್ಮ ಹಳೆ ಮನೆಯ ಪಂಚಾಂಗ (ಅಡಿಪಾಯ) ಇದ್ದ ಜಾಗ, ಎಲ್ಲ ತೋರಿಸಿದರು. ಊರಿನ ಯಾರಾದರೂ ಜೊತೆಗಿಲ್ಲದೆ ಹೋಗಬೇಡಿ.

ಬೇಕಾಗಿದ್ದ ಕಾಗದ ಇನ್ನೂ ಸಿಕ್ಕಿರಲಿಲ್ಲ. ಯಾವಾಗ ಪಾಲಾದೆವು ಎಂಬುದಕ್ಕೆ ಒಂದು ಪತ್ರ ಬೇಕು. ದೊಡ್ಡಪ್ಪನ ಪ್ರಕಾರ ಪಾಲುಪತ್ರ ಆಗಿತ್ತು, ಅವರ ಅಜ್ಜ ಅದನ್ನು ನೋಡಿದ್ದರಂತೆ. ಮೂಲ ಪ್ರತಿ ಜೋಡುಪಾಲದ ಹತ್ತಿರ ಇದ್ದ ಚಿಕ್ಕಪ್ಪನ ಮನೆಯ ಪೆಟ್ಟಿಗೆಯಲ್ಲಿತ್ತು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಮನೆಯೂ ಹೋಯಿತು, ಪೆಟ್ಟಿಗೆಯೂ ಹೋಯಿತು. ಜನ ಉಳಿದರು. ಹಾಗಿರುವಾಗ ಕಾಗದ ಕೇಳುವುದಕ್ಕೇ ಮನಸ್ಸು ಬರುತ್ತಿರಲಿಲ್ಲ. ಚಿಕ್ಕಪ್ಪನೇ ಒಂದು ದಿನ, "ರಿಜಿಸ್ಟರ್ ಆಗಿದ್ದು ಮಾರಾಯ, ಸರ್ಕಾರದ ಪುಸ್ತಕದಲ್ಲಿ ಇರಲೇಬೇಕು" ಎಂದರು.

ಉಪನೋಂದಣಿ ಕಚೇರಿಯಲ್ಲಿ ಹುಡುಕುವವರು ಇದನ್ನು ಸರಿಯಾಗಿ ತಿಳಿದುಕೊಳ್ಳಿ, ಸಾಕಷ್ಟು ಸಮಯ ಉಳಿಯುತ್ತದೆ. ಅಲ್ಲಿ ಹಳೆ ಪತ್ರಗಳಿಗೆ ಎರಡು ಇಂಡೆಕ್ಸ್ ಇರುತ್ತವೆ. ಇಂಡೆಕ್ಸ್ 1 ಜನರ ಹೆಸರಿನ ಮೇಲೆ, ಇಂಡೆಕ್ಸ್ 2 ಆಸ್ತಿ ಇರುವ ಗ್ರಾಮದ ಮೇಲೆ. ನಮ್ಮ ಸುಬ್ಬ, ಸುಬ್ಬಯ್ಯ, ಸುಬ್ಬಪ್ಪನ ಗೋಜಲಿನಲ್ಲಿ ಇಂಡೆಕ್ಸ್ 1ರಿಂದ ಏನೂ ಆಗಲಿಲ್ಲ. ಗ್ರಾಮದ ಹೆಸರು ಹಿಡಿದು ಇಂಡೆಕ್ಸ್ 2 ನೋಡಿದಾಗ 1910ರ ಆಸುಪಾಸಿನಲ್ಲಿ ಒಂದು ಪಾಲುಪತ್ರದ ನಮೂದು ಸಿಕ್ಕಿತು. ಪುಸ್ತಕದ ಸಂಪುಟ, ಪುಟ ಸಂಖ್ಯೆ ಎಲ್ಲ ಇತ್ತು. ಎದೆ ಹೊಡೆದುಕೊಳ್ಳುತ್ತಿತ್ತು. ಸಂಪುಟ ತಂದರು, ತೆರೆದರು. ನಮಗೆ ಬೇಕಾದ ಪುಟಗಳನ್ನು ಗೆದ್ದಲು ತಿಂದಿತ್ತು. ಅಂಚಿನಲ್ಲಿ ಅರ್ಧರ್ಧ ಅಕ್ಷರ. ಯಾವ ಕಚೇರಿ ಎಂದು ಹೇಳುವುದು ಬೇಡ. ಗುಮಾಸ್ತರೇ ಪಾಪ ನನಗಿಂತ ಜಾಸ್ತಿ ಬೇಜಾರು ಮಾಡಿಕೊಂಡರು. ಆ ದಿನ ಬಸ್ ಹತ್ತಿ ಮನೆಗೆ ಬಂದವನು ಯಾರ ಹತ್ತಿರವೂ ಮಾತಾಡಲಿಲ್ಲ. ಹೆಂಡತಿ ಕೇಳಿದ್ದಕ್ಕೆ "ಇನ್ನು ಸಾಕು" ಎಂದೆ. ಕೆಲವು ತಿಂಗಳು ಕಡತ ಮುಟ್ಟಲೂ ಇಲ್ಲ.

ಮತ್ತೆ ಎಬ್ಬಿಸಿದ್ದು ಪರಿಚಯದ ವಕೀಲರು. ಗೋಣಿಕೊಪ್ಪದ ಒಂದು ಮದುವೆಯಲ್ಲಿ ಸಿಕ್ಕವರು ಕಥೆ ಕೇಳಿ ಥಟ್ಟನೆ ಹೇಳಿದರು: "ಆಸ್ತಿ ಎರಡು ಜಿಲ್ಲೆಯಲ್ಲಿ ಇತ್ತಲ್ವಾ? ಹಾಗಾದರೆ ಇನ್ನೊಂದು ನಕಲು ಆ ಕಡೆ ಇರಬೇಕು." ನೋಂದಣಿ ಕಾಯ್ದೆಯಲ್ಲಿ ಹಾಗಿದೆಯಂತೆ. ಒಂದು ಪತ್ರದಲ್ಲಿ ಬೇರೆ ಬೇರೆ ಜಿಲ್ಲೆಗಳ ಆಸ್ತಿ ಇದ್ದರೆ ನೋಂದಣಿ ಮಾಡಿದ ಅಧಿಕಾರಿ ಅದರ ನಕಲನ್ನು ಉಳಿದ ಜಿಲ್ಲೆಗಳ ರಿಜಿಸ್ಟ್ರಾರರಿಗೆ ಕಳಿಸಬೇಕು, ಅವರು ಅದನ್ನು ತಮ್ಮ 1ನೇ ಪುಸ್ತಕದಲ್ಲಿ ಸೇರಿಸಬೇಕು. 1908ರ ಕಾಯ್ದೆಯ 65ನೇ ಸೆಕ್ಷನ್. ಇದುವರೆಗೆ ಗಡಿಯನ್ನು ಬೈಯುತ್ತಿದ್ದೆ. ಆ ಗಡಿಯ ಕಾರಣಕ್ಕೇ ನಮ್ಮ ಪತ್ರದ ಎರಡನೇ ಪ್ರತಿ ಹುಟ್ಟಿತ್ತು!

ಆ ಕಡೆಯ ಕಚೇರಿಯಲ್ಲಿ ಅದು ಇತ್ತು. ಇಡೀ ಪತ್ರ, ಷೆಡ್ಯೂಲ್ ಸಮೇತ. ಹುಡುಕುವ ಶುಲ್ಕ, ದೃಢೀಕೃತ ನಕಲಿನ ಶುಲ್ಕ ಎಲ್ಲ ಸೇರಿ ಒಂದು ಹೊತ್ತಿನ ಹೋಟೆಲ್ ಊಟದ ದುಡ್ಡೂ ಆಗಲಿಲ್ಲ. ಅಲ್ಲಿಗೆ ಹೋಗಿ ಬರುವ ಕಾರಿನ ಬಾಡಿಗೆ ಅದರ ಹತ್ತು ಪಟ್ಟು. ಪತ್ರದಲ್ಲಿ ಇಬ್ಬರು ಅಣ್ಣತಮ್ಮಂದಿರು. ಕೊಡಗು ಪ್ರಾಂತ್ಯದ ಜಮೀನು ತಮ್ಮನಿಗೆ, 'ದಕ್ಷಿಣ ಕನ್ನಡ ಜಿಲ್ಲೆ ಉಪ್ಪಿನಂಗಡಿ ತಾಲ್ಲೂಕಿನ' ವರ್ಗ ಅಣ್ಣನಿಗೆ, ಇನ್ನು ಮೇಲೆ ಒಬ್ಬರ ಆಸ್ತಿಯಲ್ಲಿ ಇನ್ನೊಬ್ಬರಿಗೆ ಹಕ್ಕಿಲ್ಲ. ಗುರುಹಿರಿಯರ ಮತ್ತು ದೈವದ ಕಾರ್ಯಕ್ಕೆ ಮಾತ್ರ ಇಬ್ಬರೂ ಸೇರಿ ಖರ್ಚು ಹಾಕುವುದು. ತಮ್ಮನೇ ನಮ್ಮ ಪಹಣಿಯ ಸುಬ್ಬ. ಅವರ ತಂದೆಯ ಹೆಸರೂ ಸುಬ್ಬನೇ, ಅಜ್ಜನ ಹೆಸರೂ ಅದರಲ್ಲಿತ್ತು.

ಕೆಲಸಕ್ಕೆ ಬೇಕಾದದ್ದು ಸಿಕ್ಕಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಈ ಹುಚ್ಚು ಹಾಗೆ ಬಿಡುವುದಿಲ್ಲ. ಅರಂತೋಡಿನ ಬಾವ ಅಟ್ಟದಿಂದ ಒಂದು ಹಳೆ ಕೋರ್ಟ್ ಕೇಸಿನ ಕಟ್ಟು ಇಳಿಸಿದರು. ಬಾಣೆಯ ಗಡಿ ವ್ಯಾಜ್ಯ, ನಮ್ಮವರು ಮಡಿಕೇರಿ ಕೋರ್ಟಿನಲ್ಲಿ ಸೋತದ್ದು. ಅದಕ್ಕೆ ಲಗತ್ತಿಸಿದ ಕಾಗದಗಳಲ್ಲಿ ಕೊಡಗಿನ ರಾಜ ಲಿಂಗರಾಜೇಂದ್ರನ ಕಾಲದ ಶಿಸ್ತಿನ ನಕಲು ಇತ್ತು. ರಾಜನು ಜಮೀನು ಅಳೆಸಿ, ಗಡಿ ಬರೆಸಿ, ಕಂದಾಯ ಕಟ್ಟಿದ ಲೆಕ್ಕವೇ ಶಿಸ್ತು. ನಿಮ್ಮ ಮನೆಯಲ್ಲೂ ಹಳೆ ಕೇಸಿನ ಕಟ್ಟುಗಳಿದ್ದರೆ ದಯವಿಟ್ಟು ಬಚ್ಚಲು ಒಲೆಗೆ ಹಾಕಬೇಡಿ. ಸೋತ ಕೇಸಿನದ್ದಾದರೂ ಸರಿ. ನೂರು ವರ್ಷದ ಹಿಂದೆ ಯಾರೋ ಗುಮಾಸ್ತ ದುಂಡಗೆ ನಕಲು ಮಾಡಿ ಸೀಲು ಒತ್ತಿದ್ದು ಅದು.

ನಕಲಿನಲ್ಲಿ ಇಸವಿ ಇಲ್ಲ, 'ಶ್ರೀಮುಖ ಸಂವತ್ಸರ' ಎಂದಿದೆ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಶ್ರೀಮುಖ ಎಂದರೆ 1813ರಿಂದ 14 ಆಗಬಹುದು, 1873ರಿಂದ 74 ಕೂಡ ಆಗಬಹುದು. ಲಿಂಗರಾಜೇಂದ್ರ ಆಳಿದ್ದು 1811ರಿಂದ 1820. ಹಾಗಾಗಿ ಮೊದಲನೆಯದೇ ಸರಿ. ಸಂವತ್ಸರ ಮಾತ್ರ ನೋಡಿ ವರ್ಷ ನಿರ್ಧಾರ ಮಾಡಬೇಡಿ, ಪಕ್ಕದಲ್ಲಿ ಯಾವ ರಾಜ, ಯಾವ ಅಧಿಕಾರಿ ಎಂದು ನೋಡಿ. ಅದರಲ್ಲಿ ನಮ್ಮ ಚೇರಂಬಾಣೆ ಕಡೆಯ ಗದ್ದೆಯೇ ಇತ್ತು. ತೋಡಿನ ಹೆಸರು, ಮೂಡಣ ಗಡಿಯ ಕಲ್ಲು ಎಲ್ಲ ಈಗಿನದಕ್ಕೇ ಹೊಂದುತ್ತದೆ. ಒಕ್ಕಲಿನ ಹೆಸರು ಪಾಲುಪತ್ರದಲ್ಲಿದ್ದ ಅಜ್ಜನದ್ದಲ್ಲ, ಅವನಿಗಿಂತ ಹಿಂದಿನವನದ್ದಿರಬೇಕು. ಮನೆ ಹೆಸರು ಮಾತ್ರ ನಮ್ಮದೇ.

ಇದರಿಂದ ಮನೆಯಲ್ಲಿ ಸಣ್ಣ ಗಲಾಟೆಯೇ ಆಯಿತು. ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಹೇಳುವ ಕಥೆ ಬೇರೆ. 1837ರಲ್ಲಿ ನಮ್ಮವರು ದಂಗೆಯಲ್ಲಿದ್ದರು, ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದ ಮೇಲೆ ರಾತ್ರೋರಾತ್ರಿ ಘಟ್ಟ ಹತ್ತಿ ಬಂದು ಕಾಡಿನಲ್ಲಿ ಅಡಗಿದರು ಎಂದು. ಮಡಿಕೇರಿಯಲ್ಲಿ ಅಪ್ಪಯ್ಯ ಗೌಡರ ಪ್ರತಿಮೆ ದಾಟುವಾಗಲೆಲ್ಲ ದೊಡ್ಡಪ್ಪ ಕೈಮುಗಿಯುತ್ತಾರೆ. ಈಗ ನೋಡಿದರೆ ದಂಗೆಗೆ 20 ವರ್ಷಕ್ಕೂ ಮೊದಲೇ ನಮ್ಮವರು ಇಲ್ಲಿ ಗದ್ದೆ ಮಾಡಿ ಕಂದಾಯ ಕಟ್ಟುತ್ತಿದ್ದರು. ಓಡಿ ಬಂದದ್ದಕ್ಕೆ ಲೆಕ್ಕ ಕೂಡುವುದಿಲ್ಲ. ಒಂದೇ ರಾಜ್ಯದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಗದ್ದೆ ಸಿಕ್ಕಿತು ಎಂದು ಬಂದಿದ್ದಾರೆ ಅಷ್ಟೇ. ಭಾಗಮಂಡಲದಿಂದ ತೊಡಿಕಾನಕ್ಕೆ ಕಾಡಿನಲ್ಲಿ ಕಾಲುದಾರಿ ಇದೆ. ಆಗಿನವರಿಗೆ ಅದು ದೊಡ್ಡ ದೂರವಲ್ಲ.

ದೊಡ್ಡಪ್ಪ ಕಾಗದ ಕೇಳಿಸಿಕೊಂಡು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಣ್ಣತಮ್ಮಂದಿರಲ್ಲಿ ಒಬ್ಬ ಕೆಳಗೆ ಇದ್ದನಲ್ಲ, ಅವನ ಕವಲಿನವರು ದಂಗೆಯಲ್ಲಿ ಇದ್ದಿರಬಹುದು" ಎಂದರು. ಪಾಲಾದದ್ದೇ ದಂಗೆಯಾಗಿ 70 ವರ್ಷದ ಮೇಲೆ ಎಂದು ಹೇಳಲು ಬಾಯಿ ತೆರೆದೆ, ಹೆಂಡತಿ ಕಣ್ಣು ಬಿಟ್ಟಳು, ಸುಮ್ಮನಾದೆ. ಕೆಳಗಿನ ಮನೆಯವರು ದಂಗೆಯಲ್ಲಿ ಇದ್ದರೋ ಇಲ್ಲವೋ ಕಂದಾಯದ ಪುಸ್ತಕದಲ್ಲಿ ಬರೆದಿರುವುದಿಲ್ಲ. ಆ ಕಥೆಯನ್ನು ದೊಡ್ಡಪ್ಪ ಈಗಲೂ ಹೇಳುತ್ತಾರೆ. ನಾನು ತಡೆಯುವುದಿಲ್ಲ.

ಇನ್ನೂ ಹಿಂದೆ ಹೋಗಬೇಕೆನ್ನುವವರಿಗೆ ಎರಡು ಜಾಗ ಇವೆ. ಸುಳ್ಯ ಕಡೆಯ ಹಳೆ ಕಂದಾಯ ಪತ್ರಗಳಿಗೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ, ಯಾಕೆಂದರೆ ಕೆನರಾ ಮದ್ರಾಸಿನದ್ದಾಗಿತ್ತು. 1834ರ ಸುತ್ತಮುತ್ತಲಿನ ಕೊಡಗಿನ ಸರ್ಕಾರಿ ಪತ್ರ ವ್ಯವಹಾರಕ್ಕೆ ದೆಹಲಿಯ ರಾಷ್ಟ್ರೀಯ ಪತ್ರಾಗಾರ. ಅವರ 'ಅಭಿಲೇಖ ಪಟಲ್' ಜಾಲತಾಣದಲ್ಲಿ ಮನೆಯಿಂದಲೇ ಹುಡುಕಬಹುದು. ಊರಿನ ಹೆಸರನ್ನು ಬ್ರಿಟಿಷರು ಬರೆದ ಹಾಗೆ ಹಾಕಿ, ಕೂರ್ಗ್, ಮರ್ಕೆರಾ ಎಂದು. ನಾನು ಚೆನ್ನೈಗೆ ಹೋಗಲಿಲ್ಲ. ಕಾಳುಮೆಣಸು ಕುಯ್ಯುವ ಸಮಯ ಬಂದಿತ್ತು.

ಪಾಲುಪತ್ರದ ನಕಲು, ವಂಶವೃಕ್ಷ, ಅಫಿಡವಿಟ್ ಎಲ್ಲ ಸೇರಿಸಿ ಅರ್ಜಿ ಮತ್ತೆ ಕೊಟ್ಟೆವು. ಹಿಂದಿನ ಅಜ್ಜಂದಿರ ಮರಣ ಪ್ರಮಾಣಪತ್ರ ಎಲ್ಲಿಂದ ತರುವುದು? ನಮ್ಮ ವಿಷಯದಲ್ಲಿ ಊರಿನ ಹಿರಿಯರ ಹೇಳಿಕೆ ತೆಗೆದುಕೊಂಡು ಮಹಜರು ಮಾಡಿದರು. ಸುಳ್ಯದವರು ಕಾನೂನಿಗೆ ಬೇಕಾಗದಿದ್ದರೂ ಆಕ್ಷೇಪ ಇಲ್ಲ ಎಂದು ಬರೆದು ಸಹಿ ಹಾಕಿ ಕಳಿಸಿದರು. ನೋಟಿಸ್ ಅಂಟಿಸಿದರು, 30 ದಿನ ಕಾದೆವು, ಯಾರೂ ತಕರಾರು ಹಾಕಲಿಲ್ಲ. ಆಮೇಲೂ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಲು ಬೇಕಾದಷ್ಟು ಸಮಯ ತೆಗೆದುಕೊಂಡಿತು, ಅದನ್ನು ಬಿಡಿ.

ಈಗ ಬಾವನ ಸರದಿ. ಅವರ ಅತ್ತೆಮನೆಯವರ ಜಮೀನು ಬಂದಡ್ಕದ ಕಡೆ ಇದೆ. ಅಲ್ಲಿ 1956ರ ಹಿಂದಿನದ್ದು ದಕ್ಷಿಣ ಕನ್ನಡದ ಲೆಕ್ಕ, ಮುಂದಿನದ್ದು ಕೇರಳದ್ದು, ಮಲಯಾಳದಲ್ಲಿ. ಮೊನ್ನೆ ಫೋನ್ ಮಾಡಿ, ಇಂಡೆಕ್ಸ್ 2 ಎಂದು ಕೇಳಬೇಕಾ, ಇನ್ನೇನಾದರೂ ಹೆಸರಿದೆಯಾ ಎಂದು ವಿಚಾರಿಸಿದರು. ಅಲ್ಲಿಯ ದಾಖಲೆ ಓದಬಲ್ಲವರು ಕಾಸರಗೋಡಿನಲ್ಲಿ ಯಾರಾದರೂ ಇದ್ದರೆ ತಿಳಿಸಿ. ಓದಿಕೊಟ್ಟವರಿಗೆ ನಾವು ದುಡ್ಡು ಕೊಡುತ್ತೇವೆ, ಮೇಲೆ ಒಂದು ಕೆಜಿ ಕಾಳುಮೆಣಸು.